ನಾಮಿನಿ ಹೆಸರು ಯಾಕೆ ಬೇಕು ಸಾರ್?

ಹೋದ ವರ್ಷ ಕಾಫಿ ಕೊಯ್ಲು ಮುಗಿಸಿ ಶುಗರ್ ತೋರಿಸಲು ಸುಂಟಿಕೊಪ್ಪದಿಂದ ಮೈಸೂರಿಗೆ ಹೋಗಿದ್ದೆ. ಮಾತ್ರೆ ನುಂಗಲು ಶುರು ಮಾಡಿ ಹನ್ನೊಂದು ವರ್ಷ. ಡಾಕ್ಟರು, "ಹೊಸ ಮಾತ್ರೆಯ ಟ್ರಯಲ್ ನಡೀತಿದೆ, ಸೇರ್ತೀರಾ?" ಎಂದರು. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗ ದಪ್ಪ ಕಾಗದದ ಕಟ್ಟು ಮುಂದಿಟ್ಟ. ಸೈನ್ ಮಾಡಬೇಕಾದ ಕಡೆಯೆಲ್ಲ ಪೆನ್ಸಿಲ್ ಗುರುತು. "ಎಲ್ಲಾ ಫ್ರೀ ಸಾರ್. ಸುಮ್ನೆ ಇಲ್ಲೆಲ್ಲ ಸೈನ್ ಹಾಕಿ."

ಹೆಸರು, ಕಸುಬು, ವರ್ಷದ ಆದಾಯ ತುಂಬಿದೆ. (ಕಾಫಿಯವನ ಆದಾಯವನ್ನು ಮಳೆಯ ಹತ್ತಿರ ಕೇಳಬೇಕು.) ಆಮೇಲೆ ನಾಮಿನಿ ಹೆಸರು. ಎಲ್‌ಐಸಿ ಫಾರಂ ಅಲ್ವಲ್ಲ ಇದು? ಕೇಳಿದರೆ ಹುಡುಗ ತಡವರಿಸಿದ. ಟ್ರಯಲ್‌ನಿಂದ ಜೀವ ಹೋದರೆ ಪರಿಹಾರ ಯಾರಿಗೆ ಕೊಡಬೇಕು ಅಂತ ಬರೆಸಿಕೊಳ್ಳುವುದಂತೆ. ಔಷಧ ಟ್ರಯಲ್‌ಗಳ 2019ರ ಸರ್ಕಾರಿ ನಿಯಮದಲ್ಲೇ ಆ ಕಾಲಂ ಇದೆ. ಪೆನ್ನು ಕೆಳಗಿಟ್ಟೆ. ಕನ್ನಡ ಪ್ರತಿ ಕೇಳಿ ಮನೆಗೆ ಒಯ್ದೆ. ಹುಡುಗನ ಮುಖ ಸಪ್ಪೆಯಾಯಿತು, ಆಗಲಿ.

ರಾತ್ರಿ ಹೆಂಡತಿ ಗಟ್ಟಿಯಾಗಿ ಓದಿದಳು. 'ಯಾದೃಚ್ಛಿಕ' ಅನ್ನುವ ಪದದ ಹತ್ತಿರ ಇಬ್ಬರೂ ಸುಸ್ತು. ಮಗಳಿಗೆ ಫೋನ್ ಮಾಡಿದೆವು. "ಚೀಟಿ ಎತ್ತಿದ ಹಾಗೆ ಅಪ್ಪ. ಅರ್ಧ ಜನಕ್ಕೆ ಹೊಸ ಔಷಧ, ಇನ್ನರ್ಧಕ್ಕೆ ನೋಡಲು ಹಾಗೇ ಇರೋ, ಔಷಧ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲ." ಅಲ್ಲಿಯವರೆಗೆ ನನಗೆ ಯಾವುದೋ ಒಳ್ಳೆ ಚಿಕಿತ್ಸೆ ಸಿಗುತ್ತಿದೆ ಅಂದುಕೊಂಡಿದ್ದೆ. ಪರೀಕ್ಷೆ ಔಷಧಕ್ಕೆ, ನನಗೆ ಗುಣ ಆದರೆ ಅದು ಲಾಭ. ಟ್ರಯಲ್‌ಗಳನ್ನು ಶುರು ಮಾಡುವ ಮೊದಲೇ ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ದಾಖಲಿಸಬೇಕು, 2009ರಿಂದ ಕಡ್ಡಾಯ. ಮಗಳು ಕಾಗದದ ಮೇಲಿನ ನಂಬರ್ ಹಾಕಿ ಹುಡುಕಿದಳು. ಇತ್ತು. ಮೂರನೇ ಹಂತದ್ದು, ಅಂದರೆ ತುಂಬಾ ಜನರ ಮೇಲೆ ಮಾಡಿ ನೋಡುವ ಹಂತ.

ಮುಂದಿನ ವಾರ ಮೆಣಸು ತೂಕದ ಚೀಟಿಯ ಹಿಂದೆ ಪ್ರಶ್ನೆ ಬರೆದುಕೊಂಡು ಹೋದೆ. ಈಗ ನುಂಗುತ್ತಿರುವ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾ? ಬೇಡ. ಬಸ್ ಚಾರ್ಜು? ಕೊಡ್ತಾರೆ, ಹೋದ ದಿನದ ಕೆಲಸಕ್ಕೆ ಏನೂ ಇಲ್ಲ. ಮಧ್ಯದಲ್ಲಿ ಬಿಡಬಹುದಾ? ಯಾವಾಗ ಬೇಕಾದರೂ, ಕಾರಣ ಹೇಳದೆ. ಮೈಗೆ ತೊಂದರೆಯಾದರೆ? ಅದು ಟ್ರಯಲ್‌ನಿಂದ ಆದದ್ದಲ್ಲ ಅಂತ ಖಚಿತವಾಗುವವರೆಗೂ ಚಿಕಿತ್ಸೆಯ ಖರ್ಚು ಅವರದೇ.

ನನ್ನ ನಿಜವಾದ ಪ್ರಶ್ನೆ ಬೇರೆ ಇತ್ತು. ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ, ಟವರೂ ಇಲ್ಲ. ರಾತ್ರಿ ಶುಗರ್ ಇಳಿದರೆ ನಿಮ್ಮ 24 ಗಂಟೆ ನಂಬರ್ ಇಟ್ಟುಕೊಂಡು ಏನು ಮಾಡಲಿ? ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಕಾರ್ಡಿನಲ್ಲಿ ಟ್ರಯಲ್ ಹೆಸರು, ನನ್ನ ಮಾತ್ರೆಗಳು, ಅವರ ನಂಬರ್ ಬರೆದು, "ಮಡಿಕೇರಿಯಲ್ಲಿ ಯಾವ ಡಾಕ್ಟರಿಗೆ ತೋರಿಸಿದರೂ ಇದನ್ನು ಮೊದಲು ಕೊಡಿ" ಎಂದರು. ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ನಂಬರೂ ಕಾಗದದಲ್ಲೇ ಇದೆ, ದೂರು ಹೇಳಬೇಕಾದರೆ ಅಲ್ಲಿಗೆ. ಆಮೇಲೇ ಸೈನ್ ಹಾಕಿದ್ದು. ನನ್ನ ಪ್ರತಿ ಬೀರುವಿನಲ್ಲಿ ಆರ್‌ಟಿಸಿ ಜೊತೆಗಿದೆ.

ನಾಲ್ಕನೇ ತಿಂಗಳು ಡಬ್ಬಿ ವಾಪಸ್ ಒಯ್ದಾಗ ಅದೇ ಹುಡುಗ ಉಳಿದ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸಿದ. ಎರಡು ಜಾಸ್ತಿ. "ಮರೆತ್ರಾ ಸಾರ್?" ನಾಟಿ ಇತ್ತು ಮಾರಾಯ, ಎಂದೆ. ಅದನ್ನೂ ಬರೆದುಕೊಂಡ. ನನ್ನದು ಔಷಧವೋ ಖಾಲಿ ಮಾತ್ರೆಯೋ ಇನ್ನೂ ಗೊತ್ತಿಲ್ಲ. ಮೈಸೂರು ಬಸ್ಸು ಹತ್ತುವಾಗಲೆಲ್ಲ ಹೆಂಡತಿ ಮಾತ್ರ ಕೇಳುತ್ತಾಳೆ: "ನಾಮಿನಿ ನಾನೇ ತಾನೇ?"