ವೌಚರ್‌ನಲ್ಲಿ ಬರೆಯಬಾರದಿದ್ದ ನೀಲಿ ಬೆಂಕಿ

ಬೆಂಗಳೂರಿನ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ಕುಟುಂಬಗಳ ವಿದೇಶ ಪ್ರವಾಸಕ್ಕೆ ವೇಳಾಪಟ್ಟಿ ಸಿದ್ಧಪಡಿಸುವುದು, ಕೆಲವೊಮ್ಮೆ ಟೂರ್ ಮ್ಯಾನೇಜರ್ ಆಗಿ ಅವರ ಜೊತೆಯಲ್ಲೇ ಹೋಗುವುದು ನನ್ನ ಕೆಲಸ. ಬಾಲಿಗೆ ಹೊರಡುವವರಲ್ಲಿ ಕೆಲವರು, ಪಕ್ಕದ ಜಾವಾ ದ್ವೀಪದ ಪೂರ್ವ ತುದಿಯಲ್ಲಿರುವ ಕಾವಾ ಇಜೆನ್ ಜ್ವಾಲಾಮುಖಿಯ ನೀಲಿ ಬೆಂಕಿಯನ್ನು ರಾತ್ರಿಯ ಹೊತ್ತು ನೋಡಬೇಕೆಂದು ಕೇಳುತ್ತಾರೆ. ಅಂಥ ಒಂದು ಪ್ರವಾಸದಲ್ಲಿ ನಾನು ಮಾಡಿದ ತಪ್ಪನ್ನು, ಈ ವೃತ್ತಿಗೆ ಹೊಸದಾಗಿ ಬಂದವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ನೀಲಿಯಾಗಿ ಉರಿಯುವುದು ಲಾವಾರಸವಲ್ಲ. ಜ್ವಾಲಾಮುಖಿಯ ಬಾಯಿಯಾದ ಕುಂಡದ ತಳದ ಬಿರುಕುಗಳಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಹೊರನುಗ್ಗುವ ಗಂಧಕದ ಅನಿಲಗಳು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತವೆ. ಅದರಲ್ಲಿ ಸ್ವಲ್ಪ ಭಾಗ ದ್ರವವಾಗಿ ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುವುದರಿಂದ ದೂರಕ್ಕೆ ಲಾವಾರಸದಂತೆ ಕಾಣುತ್ತದೆ. ಬೆಳಕು ಹರಿದರೆ ಈ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಪಾಲ್ತುಡಿಂಗ್ ಎಂಬ ತಂಗುದಾಣದಿಂದ ನಡುರಾತ್ರಿಯ ನಂತರ ಹೊರಟು, ಸುಮಾರು ಮೂರು ಕಿಲೋಮೀಟರ್ ಕಡಿದಾದ ದಾರಿಯನ್ನು ಏರಿ ಕುಂಡದ ಅಂಚು ಮುಟ್ಟಿ, ಅಲ್ಲಿಂದ ಕಲ್ಲುಗಳ ನಡುವೆ ಒಳಕ್ಕೆ ಇಳಿಯಬೇಕು. ತಳದಲ್ಲಿರುವ ಸುಮಾರು ಒಂದು ಕಿಲೋಮೀಟರ್ ಅಗಲದ ಸರೋವರದ ನೀರು ಲೋಹವನ್ನೂ ಕರಗಿಸಬಲ್ಲಷ್ಟು ಆಮ್ಲೀಯ. ಗಾಳಿ ದಿಕ್ಕು ಬದಲಿಸಿದರೆ ಸಲ್ಫರ್ ಡೈಆಕ್ಸೈಡ್ ತುಂಬಿದ ಬಿಳಿ ಹೊಗೆ ಇಳಿಯುವವರ ಮೇಲೆಯೇ ಕವಿಯುತ್ತದೆ. 2018ರ ಮಾರ್ಚ್‌ನಲ್ಲಿ ಇಲ್ಲಿ ವಿಷಾನಿಲ ಹೊಮ್ಮಿದಾಗ ಸುಮಾರು 30 ಜನ ಆಸ್ಪತ್ರೆ ಸೇರಿದ್ದರು. ಕುಂಡದೊಳಗೆ ಇಳಿಯುವುದನ್ನು ಅಧಿಕಾರಿಗಳು ಆಗಾಗ ನಿರ್ಬಂಧಿಸುವುದೂ ಉಂಟು.

ಇಷ್ಟೆಲ್ಲ ತಿಳಿದಿದ್ದೂ, ದಾವಣಗೆರೆಯ ನಾಲ್ವರ ಕುಟುಂಬವೊಂದಕ್ಕೆ ಕೊಟ್ಟ ವೌಚರ್‌ನಲ್ಲಿ (ಪ್ರವಾಸದಲ್ಲಿ ಏನೇನು ಸೇರಿದೆ ಎಂದು ಗ್ರಾಹಕರಿಗೆ ಬರೆದುಕೊಡುವ ಪತ್ರದಲ್ಲಿ) ನಾನು 'ಖಾಸಗಿ ಗೈಡ್‌ನೊಂದಿಗೆ ನೀಲಿ ಜ್ವಾಲೆಯ ವೀಕ್ಷಣೆ' ಎಂದು ಬರೆದಿದ್ದೆ. ಬೆಳಗಿನ ಉಪಾಹಾರ ಸೇರಿದೆ ಎಂದು ಬರೆಯುವ ಸಾಲಿನಲ್ಲೇ ಜ್ವಾಲಾಮುಖಿಯನ್ನೂ ಸೇರಿಸಿಬಿಟ್ಟಿದ್ದೆ.

ಆ ರಾತ್ರಿ ನಾವು ಅಂಚು ತಲುಪಿದಾಗ ಮೂರು ಗಂಟೆ ದಾಟಿತ್ತು. ಗೈಡ್ ಕೆಲವು ನಿಮಿಷ ಸುಮ್ಮನೆ ನಿಂತು ಕೆಳಗೆ ನೋಡಿದರು. ಕುಂಡದ ತಳದಿಂದ ಗಂಧಕದ ಗಟ್ಟಿಗಳನ್ನು ಹೊತ್ತು ತರುವ ಕೂಲಿಗಳು, ಸಾಮಾನ್ಯವಾಗಿ ಇಳಿಯುತ್ತಿರಬೇಕಾದ ಆ ಹೊತ್ತಿನಲ್ಲಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಮ್ಮುತ್ತ ಬರಿಗೈಯಲ್ಲಿ ಮೇಲೆ ಬರುತ್ತಿದ್ದರು. 70ರಿಂದ 90 ಕಿಲೋ ತೂಕವನ್ನು ಹೆಗಲ ಮೇಲೆ ಹೊತ್ತು ದಿನವೂ ಓಡಾಡುವವರೇ ಹಿಂದಿರುಗುತ್ತಿದ್ದಾರೆಂದರೆ ಬೇರೆ ಸೂಚನೆ ಬೇಕಿರಲಿಲ್ಲ. ಇಂದು ಇಳಿಯುವುದು ಬೇಡ ಎಂದು ಗೈಡ್ ಹೇಳಿದರು. ಮನೆಯ ಯಜಮಾನರು ಫೋನ್ ತೆರೆದು ವೌಚರ್ ತೋರಿಸಿ, "ಇಲ್ಲಿ ಬರೆದಿದೆಯಲ್ಲ ಸರ್, ಇದಕ್ಕೇ ತಾನೇ ನಾವು ಬಂದದ್ದು?" ಎಂದು ನನ್ನನ್ನು ಕೇಳಿದರು. ಅವರದ್ದು ತಪ್ಪಲ್ಲ. ಗೈಡ್‌ನ ಮಾತಿಗೆ ಬೆಂಬಲವಾಗಿ ನಿಲ್ಲಬೇಕಿದ್ದ ನಾನು, ಸ್ವಲ್ಪ ದೂರವಾದರೂ ಹೋಗಿಬರಬಹುದೇ ಎಂದು ವಿಚಾರಿಸಿದೆ. ಗೈಡ್ ವಾದಿಸಲಿಲ್ಲ, ಮಾಸ್ಕ್‌ಗಳ ಪಟ್ಟಿಯನ್ನು ಒಬ್ಬೊಬ್ಬರಿಗೂ ಮತ್ತೊಮ್ಮೆ ಬಿಗಿದು, ಮುಂದೆ ನಡೆದರು. ಇಳಿಜಾರಿನ ಮೂರನೇ ಒಂದು ಭಾಗವೂ ಆಗಿರಲಿಲ್ಲ, ಹೊಗೆ ನಮ್ಮತ್ತ ತಿರುಗಿತು. ಆ ತಾಯಿಗೆ ಕಣ್ಣು ಬಿಡಲಾಗಲಿಲ್ಲ, ಚಿಕ್ಕ ಮಗ ಗಾಬರಿಯಿಂದ ಮಾಸ್ಕನ್ನೇ ಕಿತ್ತುಹಾಕಲು ಹೊರಟ. ಗೈಡ್ ಅವನನ್ನು ಎತ್ತಿಕೊಂಡು, ಉಳಿದವರಿಗೆ ತಮ್ಮ ಚೀಲ ಹಿಡಿದುಕೊಳ್ಳಲು ಹೇಳಿ ಮೇಲಕ್ಕೆ ಕರೆತಂದರು. ಯಾರಿಗೂ ಪೆಟ್ಟಾಗಲಿಲ್ಲ. ಊರಿಗೆ ಮರಳಿದ ಮೇಲೆ ಆ ತಾಯಿ, ತಮ್ಮ ಬೆಳ್ಳಿಯ ಕಾಲುಂಗುರ ಆ ಒಂದೇ ರಾತ್ರಿಯಲ್ಲಿ ಕಪ್ಪಾಗಿದ್ದನ್ನು ಫೋನಿನಲ್ಲಿ ನಗುತ್ತಲೇ ತಿಳಿಸಿದರು. ನನಗೆ ನಗು ಬರಲಿಲ್ಲ.

ಖಾಸಗಿ ಗೈಡ್ ಇದ್ದರೆ ಸುರಕ್ಷತೆ ಹೆಚ್ಚು ಎಂದು ನಾವು ಗ್ರಾಹಕರಿಗೆ ಹೇಳುತ್ತೇವೆ. ಗಮನವೆಲ್ಲ ಒಂದೇ ಕುಟುಂಬದ ಮೇಲಿರುತ್ತದೆ ಎಂಬ ಮಟ್ಟಿಗೆ ಅದು ನಿಜ. ಆದರೆ ಇಪ್ಪತ್ತು ಜನರ ಗುಂಪಿನಲ್ಲಿ ಒಬ್ಬರು ಹಟ ಹಿಡಿದರೆ ಉಳಿದವರು ತಡೆಯುತ್ತಾರೆ. ಖಾಸಗಿ ನಡಿಗೆಯಲ್ಲಿ ಹಟ ಹಿಡಿಯುವವರೇ ಆ ರಾತ್ರಿಯ ಸಂಪಾದನೆ, ಟಿಪ್ಸ್, ಮುಂದಿನ ಶಿಫಾರಸು ಎಲ್ಲವೂ ಆಗಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ವ್ಯವಸ್ಥೆಯಲ್ಲಿ ಗೈಡ್‌ಗೆ ಹಣ ಸಲ್ಲುತ್ತಿದ್ದುದು ಪ್ರವಾಸ ಮುಗಿದ ನಂತರ, ಸ್ಥಳೀಯ ಏಜೆಂಟರ ಮೂಲಕ. ಅರ್ಧದಲ್ಲಿ ಹಿಂದಿರುಗಿದರೆ ಪೂರ್ಣ ಹಣ ಸಿಗುವುದೋ ಇಲ್ಲವೋ ಎಂಬುದು ಅವರಿಗೆ ತಿಳಿದಿರಲಿಲ್ಲ. ಬೇಡ ಎನ್ನುವುದಕ್ಕೆ ಅವರ ಜೇಬಿನಿಂದ ಬೆಲೆ ತೆರಬೇಕಾದ ಹಾಗೆ ಕಾಗದಪತ್ರ ಮಾಡಿಟ್ಟವನು ನಾನೇ.

ಈಗ ನಮ್ಮ ವೌಚರ್‌ನಲ್ಲಿ 'ಸೂರ್ಯೋದಯಕ್ಕೆ ಮುನ್ನ ಇಜೆನ್ ಅಂಚಿನವರೆಗೆ ನಡಿಗೆ' ಎಂದಷ್ಟೇ ಇರುತ್ತದೆ. ಮುಂದಿನದು ಗೈಡ್‌ನ ತೀರ್ಮಾನ. ಎಲ್ಲಿಂದ ಹಿಂದಿರುಗಿದರೂ ಅವರಿಗೆ ಪೂರ್ಣ ಸಂಬಳವಿದ್ದು, ಅದು ಮುಂಗಡವಾಗಿಯೇ ಸಂದಿರುತ್ತದೆ. ಗಡಿಬಿಡಿಯಾಗದಿರಲೆಂದು, ಬಾಲಿಯಿಂದ ಅದೇ ರಾತ್ರಿ ದೋಣಿ ದಾಟಿಸುವುದನ್ನು ಬಿಟ್ಟು ಜಾವಾದಲ್ಲೇ ಇಜೆನ್‌ಗೆ ಹತ್ತಿರವಿರುವ ಬನ್ಯುವಾಂಗಿ ಪಟ್ಟಣದಲ್ಲಿ ಎರಡು ರಾತ್ರಿ ತಂಗಿಸುತ್ತೇವೆ. ಒಂದು ರಾತ್ರಿ ಕೈಕೊಟ್ಟರೆ ಇನ್ನೊಂದಿರುತ್ತದೆ. (ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದಿರುವುದನ್ನು ಮರೆತು ಪಿಕಪ್ ಸಮಯ ಬರೆದ ಸಹೋದ್ಯೋಗಿಗಳನ್ನೂ ನಾನು ಕಂಡಿದ್ದೇನೆ.) ಉಬ್ಬಸವಿರುವವರನ್ನು ಬುಕಿಂಗ್ ಹಂತದಲ್ಲೇ ಕೇಳಿ ತಿಳಿಯುತ್ತೇವೆ. ಇಂಡೋನೇಷ್ಯಾದ ಜ್ವಾಲಾಮುಖಿ ಇಲಾಖೆ ಪ್ರಕಟಿಸುವ ನಾಲ್ಕು ಹಂತಗಳ ಎಚ್ಚರಿಕೆಯನ್ನು ಹೊರಡುವ ದಿನ ನೋಡುತ್ತೇವೆ.

ಈ ಹೊಸ ಷರತ್ತುಗಳನ್ನು ಅದೇ ಗೈಡ್‌ಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದನ್ನೇ: ಇದನ್ನು ಇಂಡೋನೇಷ್ಯನ್ ಭಾಷೆಯಲ್ಲೂ ಬರೆದು, ಏಜೆಂಟರ ಸಹಿ ಹಾಕಿಸಿ ಕಳುಹಿಸಲು ಸಾಧ್ಯವೇ ಎಂದು. ಅದಕ್ಕೆ ಎರಡು ವಾರ ಹಿಡಿಯಿತು.