ಇನ್ನೆರಡು ಸುತ್ತು ಓಡಿಸಿದರೆ ಹುಚ್ಚು ಬಿಡಲ್ಲ

‘ಇದಕ್ಕೆ ಏನು ಕಮ್ಮಿ ಮಾಡಿದೀವಿ, ನೀವೇ ಹೇಳಿ?’

ಬೆಂಗಳೂರಿನ ಫ್ಲ್ಯಾಟೊಂದರಲ್ಲಿ ಈ ವಾರ ಕೇಳಿದ ಮಾತು. ಕೇಳಿದವರ ಕಾಲ ಬಳಿಯೇ ಅವರ ಬಾರ್ಡರ್ ಕಾಲಿ ತಳಿಯ ನಾಯಿ ಫ್ಯಾನಿನ ನೆರಳಿಗೆ ಹೊಂಚು ಹಾಕಿತ್ತು. ಕತ್ತು ತಗ್ಗಿಸಿ, ಒಂದು ಮುಂಗಾಲು ಎತ್ತಿ, ರೆಪ್ಪೆ ಮಿಟುಕಿಸದೆ. ಹೆಸರು ಹಿಡಿದು ಕರೆದರೂ ಕಿವಿ ಅಲ್ಲಾಡಲಿಲ್ಲ. ಯಜಮಾನರ ಕೈಯಲ್ಲಿ ಲೇಸರ್ ಲೈಟು. ‘ಇದರಲ್ಲೇ ಓಡಿಸ್ತೀವಿ. ಬೇಕಾದ್ರೆ ಇನ್ನೆರಡು ಸುತ್ತು ಜಾಸ್ತಿ ಮಾಡೋಣ.’ ಮನುಷ್ಯರು ಒಳ್ಳೆಯವರೇ. ಆದರೆ ವಿದೇಶಿ ಆಹಾರಕ್ಕೆ ಸುರಿದ ದುಡ್ಡಿನಷ್ಟು ಯೋಚನೆಯನ್ನು ತಳಿಯ ಮೇಲೆ ಖರ್ಚು ಮಾಡಿದವರಲ್ಲ.

ಏನು ಕಮ್ಮಿ? ಕೆಲಸ ಕಮ್ಮಿ, ನಿದ್ದೆ ಕಮ್ಮಿ.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಗುಡ್ಡಗಳ ನಾಯಿ ಇದು. 1893ರಲ್ಲಿ ನಾರ್ತಂಬರ್ಲೆಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿ ಬೊಗಳದೆ, ಬರೀ ನೋಟದಲ್ಲೇ ಕುರಿ ತಿರುಗಿಸುತ್ತಿತ್ತು. ಇವತ್ತಿನ ಬಾರ್ಡರ್ ಕಾಲಿಗಳ ವಂಶ ಹಿಡಿದು ಹೋದರೆ ಅಲ್ಲಿಗೇ ಮುಟ್ಟುತ್ತದೆ. ನಮ್ಮ ಕುರುಬರ ನಾಯಿಯ ಕಸುಬು ಬೇರೆ, ಅದು ತೋಳದಿಂದ ಮಂದೆ ಕಾಯುತ್ತದೆ. ಇದು ಮಂದೆಯನ್ನು ನಡೆಸುತ್ತದೆ. ಬೇಟೆಯ ಮೊದಲ ಹಂತಗಳನ್ನು, ಅಂದರೆ ದಿಟ್ಟಿಸುವುದು, ಹೊಂಚುವುದು, ಅಟ್ಟುವುದನ್ನು, ತಳಿಗಾರರು ಬಲಪಡಿಸಿ, ಕೊಲ್ಲುವ ಕೊನೆಯ ಹಂತವನ್ನು ಅಡಗಿಸಿದ್ದಾರೆ. ಕಾರಿಡಾರಿನಲ್ಲಿ ಓಡುವ ಮಗುವಿನ ಹಿಮ್ಮಡಿಗೆ ಇದು ಬಾಯಿ ಹಾಕುವುದು ಸಿಟ್ಟಿಗಲ್ಲ, ಮಂದೆಗೆ ಸೇರಿಸಲು. ಹಾಗಂತ ಬಿಡಬಾರದು: ಮಕ್ಕಳು ಆಡುವಾಗ ನಾಯಿ ಗೇಟಿನ ಆಚೆ ಇರಲಿ.

ಲೇಸರಿನಲ್ಲಿ ಅಟ್ಟುವುದುಂಟು, ಸಿಗುವುದಿಲ್ಲ. ಆಟ ಮುಗಿಯದ್ದರಿಂದ ನಾಯಿ ಗೋಡೆಯ ಬೆಳಕು, ನೆರಳು ಎಲ್ಲದರಲ್ಲೂ ಅದನ್ನೇ ಹುಡುಕುತ್ತದೆ. ಇನ್ನೆರಡು ಸುತ್ತು ಓಡಿಸಿದರೆ ದಮ್ಮು ಬೆಳೆಯುತ್ತದೆಯೇ ಹೊರತು ತಲೆ ತಣ್ಣಗಾಗದು. ಕುರಿಗಾರ ಕೆಲಸ ಮುಗಿದಾಗ ‘ಸಾಕು’ ಅನ್ನುತ್ತಾನೆ, ನಾಯಿ ಬಿಟ್ಟುಬರುತ್ತದೆ. ಆ ‘ಸಾಕು’ ಫ್ಲ್ಯಾಟಿನಲ್ಲಿ ಯಾರೂ ಕಲಿಸುವುದಿಲ್ಲ.

ಕಲಿಸುವುದು ಹೀಗೆ. ದಿನಕ್ಕೆ ಎರಡು ಮೂರು ಸಲ, ಹತ್ತೇ ನಿಮಿಷ, ಅದರ ಊಟದ ಕಾಳನ್ನೇ ಹುಲ್ಲಿನಲ್ಲೋ ಮಡಚಿದ ಟವೆಲಿನಲ್ಲೋ ಬಚ್ಚಿಟ್ಟು ಮೂಸಿ ಹುಡುಕಿಸಿ. ಕೊನೆಗೆ ‘ಸಾಕು’ ಅಂದು ಚಾಪೆಗೆ ಕಳಿಸಿ; ಮಲಗಿದ ಮೇಲೆ ಮುಂಗಾಲುಗಳ ನಡುವೆ ತಿನಿಸಿಡಿ. ಕೈಗೆ ಕೊಟ್ಟರೆ ಎದ್ದು ಬರುವುದನ್ನೇ ಕಲಿಯುತ್ತದೆ. ಬೆಳೆದ ನಾಯಿಗೆ ಹನ್ನೆರಡು ಗಂಟೆಗೂ ಹೆಚ್ಚು ವಿಶ್ರಾಂತಿ ಬೇಕು. ಮಾರ್ಬಲ್ ನೆಲದ ಮೇಲೆ ಚೆಂಡೆಸೆತ ಬೇಡ, ಜಾರಿ ಕೀಲು ಹಾಳಾಗುತ್ತವೆ.

ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಯಲಿ. ಓಟದ ನಡುವೆ ಹಿಂಗಾಲು ಎಳೆದು ತೂರಾಡಿದರೆ ತಕ್ಷಣ ನಿಲ್ಲಿಸಿ, ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ವೈದ್ಯರಿಗೆ ತೋರಿಸಿ. ಸೆಖೆ ಅಂತ ಕೂದಲು ಬೋಳಿಸುವುದು ದೊಡ್ಡ ತಪ್ಪು. ವಾರಕ್ಕೆ ಎರಡು ಸಲ ಒಳಗೂದಲನ್ನು ಬಾಚಿ, ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಕಜ್ಜಿಗೆ ಐವರ್‌ಮೆಕ್ಟಿನ್ ಚುಚ್ಚುವ ಮುನ್ನ ಎಂಡಿಆರ್1 ಎಂಬ ಜೀನಿನಲ್ಲಿ ದೋಷವಿದೆಯೇ ಎಂದು ಪರೀಕ್ಷೆ ಮಾಡಿಸಿ. ಈ ತಳಿಯಲ್ಲಿ ಆ ದೋಷ ಅಪರೂಪ, ಆದರೆ ಇದ್ದರೆ ಔಷಧಿಯೇ ಮಿದುಳಿಗೆ ವಿಷ.

ಆ ಮನೆಯ ಲೇಸರ್ ಕಸಕ್ಕೆ ಹೋಗಬೇಕು, ನಡುಮನೆಯ ಕಿಟಕಿಗೆ ದಪ್ಪ ಪರದೆ ಬರಬೇಕು. ನೆರಳು ಹಿಡಿದಾಗ ಗದರದೆ ಮೂಸುವ ಕೆಲಸಕ್ಕೆ ಎಳೆಯಬೇಕು. ಕೆಲವು ವಾರದಲ್ಲಿ ಈ ಗೀಳು ಇಳಿಯದಿದ್ದರೆ ನಡವಳಿಕೆ ಬಲ್ಲ ಪಶುವೈದ್ಯರ ಹತ್ತಿರ ಹೋಗಲೇಬೇಕು, ಕೆಲವಕ್ಕೆ ಮಾತ್ರೆಯೂ ಬೇಕಾಗುತ್ತದೆ.