ಖಡಕ್ ಯಾರು, ಒರಟು ಯಾರು

14 ಮಾರ್ಚ್ 2024, ಗುರುವಾರ

ಸಹೋದ್ಯೋಗಿಗಳ ರಿವ್ಯೂ ಫಾರ್ಮ್ ತುಂಬೋದು ನನಗೆ ಹಲ್ಲುನೋವಿನಷ್ಟೇ ಇಷ್ಟ. ಇವತ್ತು ಕೊನೇ ದಿನ. ಸಂಜೆ ಕೂತು ಇಬ್ಬರದ್ದು ಮುಗಿಸಿ, ಕಳಿಸೋ ಮುಂಚೆ ಒಮ್ಮೆ ಓದಿಕೊಂಡೆ. ಇಬ್ಬರೂ ನೆದರ್ಲೆಂಡ್ಸ್‌ನವರು, ಒಂದೇ ಹುದ್ದೆ. ಹೋದ ತಿಂಗಳು ಒಂದೇ ಮೀಟಿಂಗ್‌ನಲ್ಲಿ ನನ್ನ ಡಿಸೈನ್ ನೋಡಿ ಇಬ್ಬರೂ ಹೇಳಿದ್ದು ಒಂದೇ: "ಇದು ನಡೆಯಲ್ಲ, ಮೊದಲಿಂದ ಮಾಡಿ."

ಅವನ ಬಗ್ಗೆ ನಾನು ಬರೆದಿದ್ದೆ: "ಖಡಕ್ ಮಾತು. ನಿರ್ಧಾರಕ್ಕೆ ಹಿಂಜರಿಯೋದಿಲ್ಲ." ಅವಳ ಬಗ್ಗೆ: "ಮಾತು ಸ್ವಲ್ಪ ಒರಟು. ಎಲ್ಲರನ್ನೂ ಜೊತೆಗೆ ಕರಕೊಂಡು ಹೋಗೋದು ಕಲೀಬೇಕು."

ನಾನೂ ಹೆಣ್ಣೇ. ಮುಖಕ್ಕೆ ನೀರು ಚಿಮುಕಿಸಿದ ಹಾಗಾಯಿತು.

2003ರಲ್ಲಿ ಕೊಲಂಬಿಯಾ ಬಿಸಿನೆಸ್ ಸ್ಕೂಲಿನಲ್ಲಿ ಹೈಡಿ ರೋಯ್ಜೆನ್ ಎಂಬ ಉದ್ಯಮಿಯ ಕಥೆಯನ್ನು ಅರ್ಧ ವಿದ್ಯಾರ್ಥಿಗಳಿಗೆ ಅವರ ಹೆಸರಲ್ಲೇ, ಉಳಿದರ್ಧಕ್ಕೆ "ಹೋವರ್ಡ್" ಅಂತ ಹೆಸರು ಬದಲಿಸಿ ಕೊಟ್ಟಿದ್ದರು. ಇಬ್ಬರೂ ಸಮರ್ಥರು ಅಂತ ಎಲ್ಲರೂ ಒಪ್ಪಿದರು. ಆದರೆ ಇಷ್ಟವಾದವನು ಹೋವರ್ಡ್. ಈ ಕಥೆಯನ್ನು ನಾನೇ ಎಷ್ಟೋ ಜನಕ್ಕೆ ಹೇಳಿದ್ದೀನಿ, ಅದೂ ಬಲು ಜೋರಾಗಿ.

ಇಷ್ಟರಲ್ಲಿ ಜಪಾನಿನ ಸಹೋದ್ಯೋಗಿಯ ಮೆಸೇಜ್ ಬಂತು. ಗೋದಾಮಿನವರಿಗಾಗಿ ನಾವು ಮಾಡ್ತಿರೋ ಬಾರ್‌ಕೋಡ್ ಸ್ಕ್ಯಾನರಿನ ಹಿಡಿಯ ಮಾದರಿ ಮೂರು ವಾರದಿಂದ ಎಲ್ಲರ ಮನೆಯಲ್ಲೂ ಇದೆ. ಬೆಳಿಗ್ಗೆ ಕಾಲ್‌ನಲ್ಲಿ "ಎಲ್ಲರಿಗೂ ಒಪ್ಪಿಗೆನಾ?" ಅಂತ ಕೇಳಿ, ಎರಡು ಸೆಕೆಂಡ್ ಕಾದು, ನಾನೇ ಮುಂದಕ್ಕೆ ಹೋಗಿದ್ದೆ. ಅವಳು ಸುಮ್ಮನಿದ್ದಳು. ಈಗ "ಒಂದು ಸಣ್ಣ ಅನುಮಾನ" ಅಂತ ಬರೆದು ಒಂದು ಫೋಟೋ ಕಳಿಸಿದ್ದಾಳೆ: ಹಿಡಿ ಹಿಡಿದ ಕೈ, ಟ್ರಿಗರ್ ಮುಟ್ಟದ ತೋರುಬೆರಳು, ಪಕ್ಕದಲ್ಲಿ ಸ್ಕೇಲು. ಒಂಬತ್ತು ಮಿಲಿಮೀಟರ್ ಅಂತರ.

ಜಪಾನಿನವರು ಎದುರಿಗೆ ಹೇಳಲ್ಲ ಅಂತ ಮನಸ್ಸು ಕೂಡಲೇ ಷರಾ ಬರೆಯಿತು. ಹಾಫ್‌ಸ್ಟೆಡ್ ಎಂಬ ಡಚ್ ಸಂಶೋಧಕ ಐಬಿಎಂ ಕಂಪನಿಯ ನೌಕರರನ್ನು ದೇಶದೇಶಗಳಲ್ಲಿ ಕೇಳಿ ಮಾಡಿದ ಪಟ್ಟಿ ತೆಗೆದೆ. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಅನ್ನೋದನ್ನು ಎಷ್ಟು ಸಹಜವಾಗಿ ಒಪ್ಪಿಕೊಳ್ತಾರೆ ಅನ್ನೋದರ ಅಂಕ: ನೆದರ್ಲೆಂಡ್ಸ್ 38, ಜಪಾನ್ 54. ಭಾರತ 77. (ದೇಶದ ಸರಾಸರಿ ಹಿಡಿದು ಒಬ್ಬರ ಸ್ವಭಾವ ಅಳೆಯಬಾರದು, ಗೊತ್ತು. ಆದರೂ 77 ನೋಡಿ ಮುಖ ಕೆಂಪಾಯಿತು.)

ಯಾಕಂದ್ರೆ ಆ ಹಿಡಿಯನ್ನು ಮೂರು ವಾರದಿಂದ ನಾನು ಎರಡು ಕೈಯಲ್ಲಿ ಹಿಡೀತಿದ್ದೀನಿ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಅಳತೆ ನಿಗದಿ ಮಾಡಿದವರು ಹಿರಿಯರು, ನೋಡಿಯೇ ಮಾಡಿರ್ತಾರೆ ಅಂತ ಬಾಯಿ ಮುಚ್ಚಿಕೊಂಡು ಕೂತವಳು ನಾನು. ಅವಳಾದರೂ ಸ್ಕೇಲ್ ಇಟ್ಟಳು.

ಮಾರ್ಚ್ 2019ರಲ್ಲಿ ನಾಸಾ ಇಬ್ಬರು ಮಹಿಳೆಯರ ಬಾಹ್ಯಾಕಾಶ ನಡಿಗೆಯನ್ನು ಕೈಬಿಟ್ಟಿದ್ದು ನೆನಪಾಯಿತು. ಇಬ್ಬರಿಗೂ ಬೇಕಿದ್ದ ಮಧ್ಯಮ ಅಳತೆಯ ಬಾಹ್ಯಾಕಾಶ ಉಡುಪಿನ ಮೇಲ್ಭಾಗ ಸಿದ್ಧವಿದ್ದದ್ದು ಒಂದೇ ಒಂದು. ಇಬ್ಬರೂ ಮಹಿಳೆಯರೇ ಇದ್ದ ನಡಿಗೆ ಕೊನೆಗೂ ನಡೆದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ.

ಫಾರ್ಮಿನಲ್ಲಿ "ಒರಟು" ಅಳಿಸಿ, ಇಬ್ಬರಿಗೂ ಒಂದೇ ವಾಕ್ಯ ಹಾಕಿದೆ. ಆಮೇಲೆ ಸ್ಕೇಲ್ ಹುಡುಕಿ ನನ್ನ ಬೆರಳನ್ನೂ ಅಳೆದೆ: ಆರು ಮಿಲಿಮೀಟರ್ ಕಮ್ಮಿ. ನಿನ್ನದನ್ನೂ ಹಾಕಲಾ ಅಂತ ಅವಳನ್ನು ಕೇಳಿ, ಎರಡೂ ಫೋಟೋ ಇಡೀ ತಂಡದ ಗ್ರೂಪಿಗೆ ಹಾಕಿದ್ದೀನಿ. ರಾತ್ರಿ ಹನ್ನೊಂದಾಯ್ತು, ಇನ್ನೂ ಯಾರೂ ಉತ್ತರಿಸಿಲ್ಲ.